ನೆಸ್ ಸರೋವರದ ಮೃಗವೂ ನನ್ನದೊಂದು ತಪ್ಪೂ

ಅಪೂರ್ವವಾದ ಪ್ರಾಣಿಯೊಂದನ್ನು ಕಂಡೆನೆಂದು ಒಬ್ಬನು ಬಂದು ಹೇಳಿದರೆ ಅವನ ಮಾತನ್ನು ನಂಬಬೇಕೋ ಬಿಡಬೇಕೋ ಎಂಬ ಪ್ರಶ್ನೆಯು ಹೊಸದಲ್ಲ. ಪಾಠಶಾಲೆಯಲ್ಲಿ ತರ್ಕಶಾಸ್ತ್ರದ ಮೊದಲ ಪುಸ್ತಕವನ್ನು ಓದಿದವರೆಲ್ಲರೂ ಗವಯದ ಉದಾಹರಣೆಯನ್ನು ಬಲ್ಲರು. ಪಟ್ಟಣದವನೊಬ್ಬನು ಗವಯವೆಂಬ ಮೃಗವನ್ನು ಎಂದೂ ಕಂಡವನಲ್ಲ. ಕಾಡಿನಲ್ಲಿ ತಿರುಗುವವನೊಬ್ಬನು ಅದು ಹಸುವನ್ನು ಹೋಲುವುದೆಂದು ಅವನಿಗೆ ತಿಳಿಸುತ್ತಾನೆ. ಮುಂದೊಂದು ದಿನ ಪಟ್ಟಣದವನು ಅರಣ್ಯಕ್ಕೆ ಹೋಗಿ, ಹಸುವಿನಂತಿದ್ದು ಹಸುವಲ್ಲದ ಪ್ರಾಣಿಯನ್ನು ನೋಡಿ, ಕೇಳಿದ ಮಾತನ್ನು ನೆನೆದು, ಗವಯವೆಂದರೆ ಇದೇ ಎಂದು ನಿಶ್ಚಯಿಸುತ್ತಾನೆ. ಇದಕ್ಕೆ ಉಪಮಾನವೆಂದು ಹೆಸರು. ಹದಿನೈದನೆಯ ವಯಸ್ಸಿನಲ್ಲಿ ಇದನ್ನು ಕಂಠಪಾಠ ಮಾಡಿದಾಗ, ಆ ಕಾಡಿನವನು ಸುಳ್ಳು ಹೇಳಿದ್ದರೆ ಗತಿಯೇನು ಎಂದು ನಾನು ಗುರುಗಳನ್ನು ಕೇಳಲಿಲ್ಲ. ಕಾಡಿನವನು ನಿಜವನ್ನೇ ಹೇಳಿ ಪಟ್ಟಣದವನು ಅವನನ್ನು ಗದರಿಸಿ ಅಟ್ಟಿದ್ದರೆ ಏನೆಂದೂ ಕೇಳಲಿಲ್ಲ. ಕೇಳಿದ್ದರೆ ಮುಂದೆ ನನ್ನಿಂದ ನಡೆದ ಒಂದು ಅನ್ಯಾಯವು ತಪ್ಪುತ್ತಿತ್ತೋ ಏನೋ.

ಈ ಹಳೆಯ ಸಂಗತಿಯನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಹೋದ ತಿಂಗಳು ನೆರೆಮನೆಯ ಹುಡುಗನೊಬ್ಬನು ತನ್ನ ಮೊಬೈಲಿನಲ್ಲಿ ಒಂದು ಚಿತ್ರವನ್ನು ತಂದು ತೋರಿಸಿದನು. ಸೇತುವೆಯ ಕೆಳಗೆ ಪ್ರವಾಹದ ನೀರಿನಲ್ಲಿ ತೆಂಗಿನ ಮರದಷ್ಟು ದಪ್ಪನಾದ ಹಾವು. ಅದಕ್ಕೆ ಕುದುರೆಯ ಮೋರೆ. “ನಮ್ಮ ಜಿಲ್ಲೇದೇ ಅಂತೆ, ತಾತ” ಎಂದನು. ಯಾರು ತೆಗೆದರೆಂದರೆ ತಿಳಿಯದು. ಯಾವ ಹೊಳೆಯೆಂದರೆ ತಿಳಿಯದು. ಆದರೂ ಅವನ ಮುಖದಲ್ಲಿ ಸಂಶಯದ ಗೆರೆಯೊಂದೂ ಇರಲಿಲ್ಲ. ಈಗ ಇಂತಹ ಚಿತ್ರಗಳನ್ನು ಕ್ಯಾಮೆರಾದ ಹಂಗಿಲ್ಲದೆ ಗಣಕಯಂತ್ರವೇ ಕ್ಷಣಮಾತ್ರದಲ್ಲಿ ಕಲ್ಪಿಸಿಕೊಡುವುದೆಂದು ನಾನು ಹೇಳಿದೆನು. “ಫೋಟೋನೇ ಇದೆಯಲ್ಲ, ತಾತ!” ಎಂಬುದು ಅವನ ಉತ್ತರ. ಅದನ್ನು ಕೇಳಿ ನನಗೆ ನಗು ಬರಲಿಲ್ಲ. ಸುಮಾರು ೪೦ ವರ್ಷಗಳ ಹಿಂದೆ ಒಂದು ತರಗತಿಯ ಮುಂದೆ ನಿಂತು ಅದೇ ಮಾತನ್ನು ನಾನೇ ಆಡಿದ್ದೆನು. ಆ ವೃತ್ತಾಂತವನ್ನು ಹೇಳುವುದಕ್ಕೆ ಮೊದಲು ಸ್ಕಾಟ್ಲೆಂಡಿನ ಒಂದು ಸರೋವರದ ಕಥೆಯನ್ನು ಹೇಳಬೇಕಾಗಿದೆ.

ಸ್ಕಾಟ್ಲೆಂಡಿನ ಉತ್ತರಭಾಗದ ಬೆಟ್ಟಗಳ ನಡುವೆ ನೆಸ್ ಎಂಬ ಸರೋವರವಿದೆ. ಅದರ ಉದ್ದ ಸುಮಾರು ೩೬ ಕಿಲೋಮೀಟರು. ಅಗಲವಾದರೋ ಒಂದೂವರೆ ಕಿಲೋಮೀಟರಿಗೆ ತುಸು ಹೆಚ್ಚು. ಆಳವು ಕೆಲವೆಡೆ ೨೩೦ ಮೀಟರುಗಳವರೆಗೂ ಹೋಗುತ್ತದೆ. ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳ ಸರೋವರಗಳ ನೀರನ್ನೆಲ್ಲ ಒಟ್ಟುಗೂಡಿಸಿದರೂ ಇದೊಂದರ ನೀರಿಗೆ ಸಮನಾಗದು. ಸುತ್ತಣ ನೆಲದಲ್ಲಿ ಕೊಳೆತ ಸಸ್ಯಗಳಿಂದಾದ ಕಪ್ಪು ಮಣ್ಣು ಮಳೆಯೊಡನೆ ಇಳಿದು ಬರುವುದರಿಂದ ನೀರು ಕಷಾಯದ ಬಣ್ಣದ್ದು; ಕೆಲವು ಮಾರು ಇಳಿದರೆ ಬೆಳಕಿಲ್ಲ. ಕಾಣದ ಸ್ಥಳವಿರುವ ಕಡೆ ಕಾಣದ ಪ್ರಾಣಿಯನ್ನು ಮನಸ್ಸು ತಾನಾಗಿ ಇರಿಸುವುದು ಸಹಜ. ಏಳನೆಯ ಶತಮಾನದ ಕೊನೆಯಲ್ಲಿ ಅಡೋಮ್ನಾನ್ ಎಂಬ ಕ್ರೈಸ್ತ ಯತಿಯು ಬರೆದ ಸಂತ ಕೊಲಂಬನ ಚರಿತ್ರೆಯಲ್ಲಿ, ನೆಸ್ ನದಿಯಲ್ಲಿ ಈಜುತ್ತಿದ್ದವನ ಮೇಲೆ ಎರಗಿದ ಜಲಮೃಗವೊಂದನ್ನು ಸಂತನು ಮಾತಿನಿಂದಲೇ ಹಿಂದಟ್ಟಿದನೆಂಬ ಕಥೆಯಿದೆ. ನಮ್ಮ ಪುಣ್ಯಪುರುಷರ ಚರಿತ್ರೆಗಳನ್ನು ಓದಿದವರಿಗೆ ಇಂತಹ ಪ್ರಸಂಗವು ಅಪರಿಚಿತವೆನಿಸದು.

ಆದರೆ ಈಗ ಲೋಕವೆಲ್ಲ ಬಲ್ಲ ಮೃಗವು ಹುಟ್ಟಿದುದು ೧೯೩೩ರಲ್ಲಿ. ಆ ಕಾಲಕ್ಕೆ ಸರೋವರದ ಉತ್ತರದ ದಡದಲ್ಲಿ ಮೋಟಾರು ಓಡಾಡುವ ಹೊಸ ರಸ್ತೆಯಾಗಿತ್ತು. ಏಪ್ರಿಲ್ ತಿಂಗಳಲ್ಲಿ ಹೋಟೆಲು ನಡೆಸುತ್ತಿದ್ದ ದಂಪತಿಗಳು ಆ ದಾರಿಯಲ್ಲಿ ಹೋಗುತ್ತಿರುವಾಗ ನೀರಿನಲ್ಲಿ ದೊಡ್ಡದೇನೋ ಹೊರಳಾಡಿದುದನ್ನು ಕಂಡರು. ಮೇ ೨ರಂದು ಇನ್ವರ್ನೆಸ್ ನಗರದ ಪತ್ರಿಕೆಯು ಆ ಸುದ್ದಿಯನ್ನು ಅಚ್ಚುಮಾಡಿತು. ಸುದ್ದಿ ಹಬ್ಬಿದ ಮೇಲೆ ನೋಡಿದವರ ಸಂಖ್ಯೆ ಬೆಳೆಯಿತು. ನೋಡಿದವರು ಹೆಚ್ಚಿದಂತೆ ಸುದ್ದಿಯೂ ಹಬ್ಬಿತು. ಇವೆರಡರಲ್ಲಿ ಬೀಜವಾವುದು ವೃಕ್ಷವಾವುದು ಎಂಬುದನ್ನು ನಿರ್ಣಯಿಸುವುದು ಕಷ್ಟ.

ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆಯು ಮಾರ್ಮಡ್ಯೂಕ್ ವೆದರೆಲ್ ಎಂಬ ಬೇಟೆಗಾರನನ್ನು ಸರೋವರಕ್ಕೆ ಕಳುಹಿಸಿತು. ಹೋದ ಕೆಲವೇ ದಿನಗಳಲ್ಲಿ ಆತನು ದಡದ ಮೇಲೆ ದೊಡ್ಡ ಹೆಜ್ಜೆಗಳನ್ನು ಕಂಡುಹಿಡಿದನು. ಅವುಗಳ ಅಚ್ಚನ್ನು ತೆಗೆದು ಲಂಡನ್ನಿನ ಪ್ರಕೃತಿ ವಿಜ್ಞಾನದ ವಸ್ತುಸಂಗ್ರಹಾಲಯಕ್ಕೆ ಒಯ್ಯಲಾಗಿ, ಅಲ್ಲಿಯ ಪಂಡಿತರು ಪರೀಕ್ಷಿಸಿ, ಇವು ನೀರಾನೆಯ ಹೆಜ್ಜೆಗಳೆಂದೂ, ಒಣಗಿಸಿದ ಒಂದೇ ಪಾದದಿಂದ ಒತ್ತಿದವುಗಳೆಂದೂ ೧೯೩೪ರ ಜನವರಿಯಲ್ಲಿ ತಿಳಿಸಿದರು. ಆ ಕಾಲದ ಸಿರಿವಂತರ ಮನೆಗಳಲ್ಲಿ ಛತ್ರಿಗಳನ್ನು ನಿಲ್ಲಿಸುವುದಕ್ಕೆ ನೀರಾನೆಯ ಪಾದವನ್ನು ಇಟ್ಟುಕೊಳ್ಳುವ ಪದ್ಧತಿಯಿತ್ತು. ಬೇಟೆಗಾರನು ಸಭೆಯಲ್ಲಿ ನಗೆಗೀಡಾದನು.

ಇದಾದ ಮೂರು ತಿಂಗಳಿಗೆ, ೧೯೩೪ರ ಏಪ್ರಿಲ್ ೨೧ರಂದು, ಅದೇ ಪತ್ರಿಕೆಯಲ್ಲಿ ಒಂದು ಛಾಯಾಚಿತ್ರವು ಪ್ರಕಟವಾಯಿತು. ಅಲೆಗಳ ನಡುವೆ ಹಂಸದಂತೆ ಕೊರಳೆತ್ತಿದ ಕಪ್ಪು ಪ್ರಾಣಿ, ಚಿಕ್ಕ ತಲೆ, ಬಾಗಿದ ಕುತ್ತಿಗೆ. ಅದನ್ನು ಕೊಟ್ಟವರು ರಾಬರ್ಟ್ ಕೆನೆತ್ ವಿಲ್ಸನ್ ಎಂಬ ಲಂಡನ್ನಿನ ವೈದ್ಯರು. ತಮ್ಮ ಹೆಸರನ್ನು ಅದರೊಡನೆ ಸೇರಿಸುವುದು ಅವರಿಗೆ ಇಷ್ಟವಿರಲಿಲ್ಲವಾಗಿ ಅದು ‘ಶಸ್ತ್ರವೈದ್ಯನ ಛಾಯಾಚಿತ್ರ’ವೆಂದೇ ಪ್ರಸಿದ್ಧವಾಯಿತು. ಕೀರ್ತಿಯನ್ನು ಬಯಸದ, ವಿದ್ಯಾವಂತನಾದ, ಗೌರವಸ್ಥನಾದ ಮನುಷ್ಯನು ಸುಳ್ಳು ಹೇಳುವುದೇಕೆ? ೬೦ ವರ್ಷಗಳ ಕಾಲ ಬಹುಜನರ ನಂಬಿಕೆಯು ನಿಂತಿದ್ದುದು ಈ ಪ್ರಶ್ನೆಯ ಮೇಲೆಯೇ.

ಇನ್ನು ನನ್ನ ಕಥೆಗೆ ಬರುತ್ತೇನೆ. ೧೯೮೭ರ ಅಕ್ಟೋಬರಿನಲ್ಲಿ ಸುಮಾರು ೨೪ ದೋಣಿಗಳು ಸಾಲಾಗಿ ನಿಂತು, ಶಬ್ದದ ಅಲೆಗಳನ್ನು ನೀರೊಳಗೆ ಕಳುಹಿಸಿ ಅವುಗಳ ಮಾರ್ದನಿಯನ್ನು ಗುರುತಿಸುವ ಯಂತ್ರಗಳಿಂದ ಸರೋವರವನ್ನು ಶೋಧಿಸಿದವು. ಆ ಸುದ್ದಿಯೊಡನೆ ಹಳೆಯ ಚಿತ್ರವೂ ಇಲ್ಲಿಯ ಪತ್ರಿಕೆಯೊಂದರಲ್ಲಿ ಬಂದಿತು. ಆಗ ನಾನು ಕೆರೆಯ ಪಕ್ಕದ ಒಂದು ಊರಿನಲ್ಲಿ ಪ್ರೌಢಶಾಲೆಯ ಉಪಾಧ್ಯಾಯನು. ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸುತ್ತಿದ್ದೆನು. ವಿಜ್ಞಾನದ ಮೇಷ್ಟ್ರು ರಜೆಯ ಮೇಲಿದ್ದುದರಿಂದ ಒಂಬತ್ತನೆಯ ತರಗತಿಯು ನನ್ನ ಪಾಲಿಗೆ ಬಂದಿತ್ತು. ಪತ್ರಿಕೆಯ ತುಂಡನ್ನು ಕಪ್ಪುಹಲಗೆಗೆ ಅಂಟಿಸಿ, ನಮ್ಮ ಪುರಾಣಗಳ ಮಕರ ತಿಮಿಂಗಿಲಗಳಿಗೆ ನಗುವವರು ಇದನ್ನು ನೋಡಲಿ ಎಂದು ಉತ್ಸಾಹದಿಂದ ಉಪನ್ಯಾಸವನ್ನು ಮಾಡಿದೆನು.

ಹಿಂದಿನ ಬೆಂಚಿನಲ್ಲಿ ಬೆಸ್ತರ ಕೇರಿಯ ಹುಡುಗನೊಬ್ಬನಿದ್ದನು. ಓದಿನಲ್ಲಿ ಸಾಧಾರಣ. ಬೆಳಗಿನ ಜಾವ ತಂದೆಯೊಡನೆ ಹರಿಗೋಲಿನಲ್ಲಿ ಹೋಗಿ ಬಲೆಯೆತ್ತಿ ಬರುತ್ತಿದ್ದುದರಿಂದ ಮೊದಲ ಗಂಟೆಗೆ ತಡವಾಗಿ ಬರುವುದೂ ಉಂಟು. ಅವನು ಎದ್ದು ಹಲಗೆಯ ಹತ್ತಿರ ಬಂದು, ಚಿತ್ರವನ್ನು ಬಗ್ಗಿ ನೋಡಿ, “ಸಾ, ಇದು ಸಣ್ಣದು ಸಾ” ಎಂದನು. ಹೇಗೆ ಗೊತ್ತು ಎಂದೆನು. “ಅಲೆ ನೋಡಿ ಸಾ. ದೊಡ್ಡದು ಎದ್ರೆ ನೀರು ಹಿಂಗೆ ಉಂಗುರ ಆಗಲ್ಲ. ಬೆಂಡು ಆಡ್ತದಲ್ಲ, ಹಂಗೈತೆ. ಒಂದು ಮೊಳ ಇದ್ದೀತು ಸಾ.” ತರಗತಿಯು ನಕ್ಕಿತು. ಆ ನಗು ನನ್ನ ಮೇಲೆ ತಿರುಗಿತೆಂದು ನಾನು ಭಾವಿಸಿದೆನು. ಲಂಡನ್ನಿನ ವೈದ್ಯರಿಗೆ ತಿಳಿಯದುದು ನಿನಗೆ ತಿಳಿಯಿತೇ, ಫೋಟೋವೇ ಇರುವಾಗ ನಿನ್ನ ಬಾಯಿಮಾತಿಗೆ ಬೆಲೆಯೇನು ಎಂದು ಗದರಿಸಿ, ಗಂಟೆ ಹೊಡೆಯುವವರೆಗೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ಅವನು ಎದುರಾಡಲಿಲ್ಲ. ಮರುವರ್ಷ ಶಾಲೆಯನ್ನು ಬಿಟ್ಟನು. ಬಿಟ್ಟುದಕ್ಕೆ ಮನೆಯ ಬಡತನವು ಕಾರಣವೆಂದು ಕೇಳಿದೆನು. ನಾನೇ ಕಾರಣನೆಂದು ಹೇಳಿಕೊಂಡರೆ ಅದೂ ಒಂದು ಬಗೆಯ ಅಹಂಕಾರವಾದೀತು.

ಮುಂದೆ ಎಷ್ಟೋ ವರ್ಷಗಳ ಮೇಲೆ, ವಾಚನಾಲಯದಲ್ಲಿ ಹಳೆಯ ಸಂಚಿಕೆಯೊಂದನ್ನು ತಿರುವುತ್ತಿರುವಾಗ ಚಿತ್ರದ ನಿಜಸ್ಥಿತಿಯು ನನ್ನ ಕಣ್ಣಿಗೆ ಬಿದ್ದಿತು. ನಗೆಗೀಡಾದ ವೆದರೆಲನು ಸೇಡು ತೀರಿಸಿಕೊಳ್ಳಬೇಕೆಂದು, ಪ್ರತಿಮೆಗಳನ್ನು ಮಾಡಬಲ್ಲ ತನ್ನ ಮಲಮಗ ಕ್ರಿಶ್ಚಿಯನ್ ಸ್ಪರ್ಲಿಂಗನಿಗೆ ಒಂದು ಮೃಗವನ್ನು ಮಾಡಿಕೊಡೆಂದು ಹೇಳಿದನು. ಅಂಗಡಿಯಲ್ಲಿ ಕೊಂಡ ಆಟದ ಜಲಾಂತರ್ಗಾಮಿ ದೋಣಿಯೊಂದರ ಮೇಲೆ ಮರದ ಹಿಟ್ಟಿನಂತಹ ಲೇಪದಿಂದ ತಲೆಯನ್ನೂ ಕೊರಳನ್ನೂ ಕಟ್ಟಿದರು. ಸರೋವರದ ಒಂದು ಮೂಲೆಯಲ್ಲಿ ಅದನ್ನು ತೇಲಿಬಿಟ್ಟು ಚಿತ್ರವನ್ನು ತೆಗೆದರು. ಗೌರವಸ್ಥನೊಬ್ಬನ ಕೈಯಿಂದ ಹೋದರೆ ಜನರು ನಂಬುವರೆಂದು ಮಿತ್ರನೊಬ್ಬನ ಮೂಲಕ ವೈದ್ಯರಿಗೆ ಒಪ್ಪಿಸಿದರು. ವೆದರೆಲನ ಮಗ ಇಯಾನನು ಇದನ್ನು ೧೯೭೫ರಲ್ಲಿಯೇ ಪತ್ರಿಕೆಯೊಂದಕ್ಕೆ ತಿಳಿಸಿದ್ದನು. ಆದರೆ ಹೆಚ್ಚು ಜನರು ಅದಕ್ಕೆ ಕಿವಿಗೊಡಲಿಲ್ಲ. ಸ್ಪರ್ಲಿಂಗನು ಸುಮಾರು ೯೦ ವರ್ಷದ ಮುದುಕನಾಗಿ, ಸಾಯುವುದಕ್ಕೆ ಸ್ವಲ್ಪ ಮುಂಚೆ, ಎಲ್ಲವನ್ನೂ ಒಪ್ಪಿಕೊಂಡನು. ಅದು ೧೯೯೪ರಲ್ಲಿ ಲೋಕಕ್ಕೆ ತಿಳಿಯಿತು. ಪತ್ರಿಕೆಯವರು ಅಚ್ಚುಮಾಡಿದುದು ಚಿತ್ರದ ನಡುವಣ ಭಾಗವನ್ನು ಮಾತ್ರ. ಕತ್ತರಿಸದ ಪೂರ್ಣಚಿತ್ರವನ್ನು ನೋಡಿದರೆ ವಿಶಾಲವಾದ ನೀರಿನ ನಡುವೆ ಆ ಮೃಗವು ಅಂಗೈಯಗಲದ್ದಾಗಿ ತೋರುತ್ತದೆ. ವಿಚಾರವಂತರು ಸಂಶಯಪಟ್ಟುದು ಯಾವುದರಿಂದ? ಅಲೆಗಳ ಉಂಗುರದಿಂದ.

ಆ ಪುಟವನ್ನು ಓದಿ ಮುಗಿಸಿದ ಮೇಲೆ ನಾನು ಬಹಳ ಹೊತ್ತು ಎದ್ದೇಳಲಿಲ್ಲ. ಪ್ರಮಾಣಗಳನ್ನು ಓದಿದವನು ನಾನು. ಪ್ರಮಾಣವನ್ನು ಬಲ್ಲವನು ಅವನು. ನನ್ನ ತಪ್ಪು ಎಲ್ಲಿಯದೆಂದು ಶಾಸ್ತ್ರದ ದಾರಿಯಲ್ಲಿಯೇ ಹುಡುಕಿದೆನು. ಛಾಯಾಚಿತ್ರವನ್ನು ನಾವು ಪ್ರತ್ಯಕ್ಷವೆಂದು ತಿಳಿಯುತ್ತೇವೆ. ನಮ್ಮ ಕಣ್ಣಿಗೆ ಪ್ರತ್ಯಕ್ಷವಾಗಿರುವುದು ಕಾಗದವೂ ಅದರ ಮೇಲಣ ಕಪ್ಪು ಬಿಳುಪೂ ಅಷ್ಟೆ. ಇದು ಇಂತಹ ಸ್ಥಳದಲ್ಲಿ, ಇಂತಹ ದಿನ, ಇಷ್ಟು ದೂರದಿಂದ ಕಂಡ ಇಂತಹ ವಸ್ತುವೆಂಬುದೆಲ್ಲ ಚಿತ್ರವನ್ನು ತಂದವನು ಹೇಳುವ ಮಾತು. ಆದುದರಿಂದ ಛಾಯಾಚಿತ್ರವು ಪ್ರತ್ಯಕ್ಷದ ವೇಷವನ್ನು ಹಾಕಿಕೊಂಡ ಶಬ್ದಪ್ರಮಾಣ. ಶಬ್ದವಾದ ಮೇಲೆ ಹೇಳಿದವನು ಆಪ್ತನೇ ಅಲ್ಲವೇ ಎಂಬ ವಿಚಾರವು ಬಂದೇ ಬರಬೇಕು. ಆ ವೈದ್ಯನು ಆಪ್ತನೆಂದು ನಾನು ನಿಶ್ಚಯಿಸಿದುದು ಯಾವುದರಿಂದ? ಅವನ ಪದವಿಯಿಂದ, ಅವನ ನಗರದಿಂದ. ಹುಡುಗನು ಅನಾಪ್ತನೆಂದುದು ಯಾವುದರಿಂದ? ಅವನ ಬೆಂಚಿನಿಂದ, ಅವನ ಕೇರಿಯಿಂದ. ನ್ಯಾಯಸೂತ್ರಗಳಿಗೆ ಭಾಷ್ಯವನ್ನು ಬರೆದ ವಾತ್ಸ್ಯಾಯನನು, ವಸ್ತುವನ್ನು ಸಾಕ್ಷಾತ್ತಾಗಿ ತಿಳಿದು ತಿಳಿದಂತೆ ಹೇಳಬಯಸುವವನೇ ಆಪ್ತನೆಂದೂ, ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಒಂದೇ ಎಂದೂ ಸ್ಪಷ್ಟವಾಗಿ ಹೇಳಿರುವನು. ಇದನ್ನು ಪರೀಕ್ಷೆಯಲ್ಲಿ ಬರೆದು ನಾನು ಅಂಕಗಳನ್ನು ಪಡೆದಿದ್ದೆನು. ನೀರಿನ ಮೇಲೆ ಅಲೆಯು ಹೇಗೆ ಏಳುವುದೆಂಬ ವಿಷಯದಲ್ಲಿ ಆ ತರಗತಿಯಲ್ಲಿ ಆಪ್ತನಾದವನು ಒಬ್ಬನೇ. ಅವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದೆನು.

ಹಾಗಾದರೆ ಸರೋವರದಲ್ಲಿ ಮೃಗವೇ ಇಲ್ಲವೆಂದು ಹೇಳಬಹುದೇ? ಒಂದು ಚಿತ್ರವು ಸುಳ್ಳಾದ ಮಾತ್ರಕ್ಕೆ ಹಾಗೆ ಹೇಳಲಾಗದು. ಇಲ್ಲಿಯೂ ಪ್ರಾಚೀನರ ವಿವೇಕವು ಉಪಯೋಗಕ್ಕೆ ಬರುತ್ತದೆ. ಕತ್ತಲೆಯ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂದು ಹೇಳಬಾರದು. ದೀಪವಿದ್ದು, ಕಣ್ಣು ನೆಟ್ಟಗಿದ್ದು, ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವು ಕಾಣದಿದ್ದರೆ ಮಾತ್ರ ಅದರ ಅಭಾವವು ಸಿದ್ಧಿಸುತ್ತದೆ. ಇದು ಯೋಗ್ಯಾನುಪಲಬ್ಧಿ. ೧೯೮೭ರ ಶೋಧನೆಯಲ್ಲಿ ಎರಡು ಮೂರು ಅಸ್ಪಷ್ಟ ಮಾರ್ದನಿಗಳಲ್ಲದೆ ಬೇರೇನೂ ದೊರೆಯಲಿಲ್ಲ. ೨೦೦೩ರಲ್ಲಿ ಬಿ.ಬಿ.ಸಿ. ಸಂಸ್ಥೆಯವರು ೬೦೦ ಶಬ್ದಕಿರಣಗಳಿಂದ ಸರೋವರವನ್ನು ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ಸೋಸಿದರು, ಏನೂ ಸಿಕ್ಕಲಿಲ್ಲ. ೨೦೧೮ರಲ್ಲಿ ನ್ಯೂಜಿಲೆಂಡಿನ ವಿದ್ವಾಂಸರಾದ ನೀಲ್ ಜೆಮ್ಮೆಲ್ ಎಂಬವರು ಬೇರೆ ಬೇರೆ ಆಳಗಳಿಂದ ಸುಮಾರು ೨೫೦ ಪಾತ್ರೆಗಳಲ್ಲಿ ನೀರನ್ನು ಎತ್ತಿಸಿದರು. ಪ್ರಾಣಿಗಳ ಚರ್ಮ, ಮಲ, ಲೋಳೆಗಳಿಂದ ನೀರಿನಲ್ಲಿ ಉಳಿಯುವ ಡಿ.ಎನ್.ಎ. ಎಂಬ ವಂಶಸೂತ್ರವನ್ನು ಹುಡುಕಿ, ಮರುವರ್ಷ ಫಲವನ್ನು ಪ್ರಕಟಿಸಿದರು. ಸರೀಸೃಪದ ಗುರುತು ಎಲ್ಲಿಯೂ ಇಲ್ಲ. ಹಾವುಮೀನಿನ ಗುರುತು ಹೆಚ್ಚುಕಡಿಮೆ ಎಲ್ಲ ಕಡೆಯಲ್ಲಿಯೂ ಇತ್ತು. ಇದಲ್ಲದೆ, ಆ ಸರೋವರದ ಸ್ಥಳವು ಸುಮಾರು ೧೦,೦೦೦ ವರ್ಷಗಳ ಹಿಂದಿನವರೆಗೂ ಹಿಮದ ಗಡ್ಡೆಯಾಗಿತ್ತು. ಜನರು ಊಹಿಸುವ ಉದ್ದಕೊರಳಿನ ಜಲಸರೀಸೃಪಗಳಾದರೋ ಸುಮಾರು ೬.೬ ಕೋಟಿ ವರ್ಷಗಳ ಹಿಂದೆಯೇ ಅಳಿದುಹೋದುವು. ದೀಪವನ್ನು ಹಚ್ಚಿ ಹಚ್ಚಿ ನೋಡಿದುದಾಯಿತು, ಗಡಿಗೆಯಿಲ್ಲ.

ಇಷ್ಟಾದರೂ ನೋಡಿದೆವೆಂದವರೆಲ್ಲರೂ ಸುಳ್ಳುಗಾರರಲ್ಲ. ಮುಸ್ಸಂಜೆಯಲ್ಲಿ ಮರದ ಮೋಟನ್ನು ಕಂಡು ಮನುಷ್ಯನೋ ಎಂದುಕೊಳ್ಳುವವನೂ, ಹಗ್ಗವನ್ನು ತುಳಿದು ಹಾವೆಂದು ನಡುಗುವವನೂ ಮೋಸಗಾರರೇನು? ಹಾವಿನ ಭಯವನ್ನು ಅವನು ಮನೆಯಿಂದಲೇ ತಂದಿರುತ್ತಾನೆ. ಹಗ್ಗವು ಅದಕ್ಕೆ ಆಶ್ರಯವಾಗುತ್ತದೆ. ತೇಲುವ ದಿಮ್ಮಿ, ದೋಣಿಯು ಹೋದಮೇಲೆ ಉಳಿದ ಅಲೆ, ಈಜುವ ಜಿಂಕೆ, ಹಕ್ಕಿಗಳ ಸಾಲು, ಇವೆಲ್ಲವೂ ಆ ನೀರಿನಲ್ಲಿ ಮೃಗವಾಗಿ ತೋರಿದುದುಂಟು.

ಹಿಮಾಲಯದ ಹಿಮಮಾನವನ ಕಥೆಯೂ ಇದೇ ಜಾತಿಯದು. ೧೯೫೧ರಲ್ಲಿ ಎರಿಕ್ ಶಿಪ್ಟನ್ ಎಂಬ ಪರ್ವತಾರೋಹಿಯು ಹಿಮದಲ್ಲಿ ಮೂಡಿದ ದೊಡ್ಡ ಹೆಜ್ಜೆಯ ಪಕ್ಕದಲ್ಲಿ ಹಿಮಗೊಡಲಿಯನ್ನು ಅಳತೆಗಾಗಿ ಇರಿಸಿ ಚಿತ್ರವನ್ನು ತೆಗೆದನು. ಅದರಲ್ಲಿ ಕಪಟವಿತ್ತೆಂದು ಹೇಳುವುದಕ್ಕೆ ಆಧಾರವಿಲ್ಲ. ಆದರೆ ಬಿಸಿಲಿಗೆ ಕರಗಿದ ಹಿಮದಲ್ಲಿ ಚಿಕ್ಕ ಹೆಜ್ಜೆಯೂ ಹಿಗ್ಗುವುದು. ೧೯೬೦ರಲ್ಲಿ ಎಡ್ಮಂಡ್ ಹಿಲೆರಿಯು ಖುಮ್‌ಜುಂಗ್ ಗ್ರಾಮದವರು ಭಕ್ತಿಯಿಂದ ಕಾಪಾಡಿದ್ದ ಹಿಮಮಾನವನ ನೆತ್ತಿಯ ಚರ್ಮವನ್ನು ಪರೀಕ್ಷೆಗೆ ಒಯ್ದಾಗ, ಅದು ಸೆರೋ ಎಂಬ ಬೆಟ್ಟದ ಆಡಿನಂತಹ ಪ್ರಾಣಿಯ ತೊಗಲಿನಿಂದ ಮಾಡಿದುದೆಂದು ತಿಳಿದುಬಂದಿತು. ೨೦೧೭ರಲ್ಲಿ ಹಿಮಮಾನವನದೆನ್ನಲಾದ ಎಲುಬು, ಕೂದಲು ಮೊದಲಾದ ಒಂಬತ್ತು ವಸ್ತುಗಳ ವಂಶಸೂತ್ರವನ್ನು ಪರೀಕ್ಷಿಸಲು, ಎಂಟು ಕರಡಿಯವು, ಒಂದು ನಾಯಿಯದು ಎಂದಾಯಿತು. ಹೀಗಿದ್ದರೂ ೨೦೧೯ರ ಏಪ್ರಿಲಿನಲ್ಲಿ ನಮ್ಮ ಭಾರತೀಯ ಸೇನೆಯೇ ಮಕಾಲು ಶಿಖರದ ತಪ್ಪಲಿನಲ್ಲಿ ಕಂಡ ೩೨ ಅಂಗುಲ ಉದ್ದದ ಹೆಜ್ಜೆಗಳ ಚಿತ್ರವನ್ನು ಪ್ರಕಟಿಸಿ ಹಿಮಮಾನವನ ಹೆಸರನ್ನೆತ್ತಿತು. ಕುತೂಹಲಕ್ಕೆ ಪದವಿಯ ಭೇದವಿಲ್ಲ.

ಆದರೆ ಈ ವಿಚಾರಕ್ಕೆ ಇನ್ನೊಂದು ಮುಖವಿದೆ; ಅದನ್ನು ಮರೆತರೆ ನಾನು ಎರಡನೆಯ ಬಾರಿ ತಪ್ಪಿದಂತಾಗುವುದು. ೧೭೯೯ರಲ್ಲಿ ಆಸ್ಟ್ರೇಲಿಯದಿಂದ ಬಾತಿನ ಕೊಕ್ಕೂ ರೋಮದ ಮೈಯೂ ಉಳ್ಳ ಪ್ರಾಣಿಯೊಂದರ ಒಣಚರ್ಮವು ಬಂದಾಗ, ಅದನ್ನು ವರ್ಣಿಸಿದ ಜಾರ್ಜ್ ಷಾ ಎಂಬ ಪಂಡಿತನು, ಇದು ಯಾರೋ ಜೋಡಿಸಿದ ಕಪಟವಿರಬಹುದೆಂದು ಸಂಶಯಪಟ್ಟನು. ಪ್ರಾಣಿಯು ನಿಜವಾದುದೇ. ೧೯೩೮ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕದ ಕಡಲಿನಲ್ಲಿ ಬೆಸ್ತರ ಬಲೆಗೆ ವಿಚಿತ್ರವಾದ ನೀಲಿಯ ಮೀನೊಂದು ಬಿದ್ದಿತು. ಸಣ್ಣದೊಂದು ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಮಾರ್ಜೊರಿ ಕೋರ್ಟ್ನಿ ಲ್ಯಾಟಿಮರ್ ಎಂಬ ತರುಣಿಯು ಅದನ್ನು ಸಾಮಾನ್ಯವೆಂದು ಬಿಡದೆ, ತಾನೇ ರೇಖಾಚಿತ್ರವನ್ನು ಬರೆದು ಜೆ. ಎಲ್. ಬಿ. ಸ್ಮಿತ್ ಎಂಬ ವಿದ್ವಾಂಸರಿಗೆ ಕಳುಹಿಸಿದಳು. ಅದು ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿಯಿತೆಂದು ಎಲ್ಲರೂ ನಂಬಿದ್ದ ಸೀಲಕ್ಯಾಂತ್ ಜಾತಿಯ ಮೀನು. ಆದುದರಿಂದ ಅಳಿದ ಜಂತು ಮರಳಿ ಕಾಣಿಸಿಕೊಳ್ಳಲಾರದೆಂಬ ನಿಯಮವೇನೂ ಇಲ್ಲ. ಭೇದವಿಷ್ಟೆ: ಮೀನು ದೇಹಸಹಿತವಾಗಿ ಬಂದು ಮೇಜಿನ ಮೇಲೆ ಮಲಗಿತು, ನೆಸ್ ಸರೋವರದ ಮೃಗವು ಚಿತ್ರದಿಂದ ಚಿತ್ರಕ್ಕೆ ಹಾರುತ್ತ ಉಳಿಯಿತು. ಇನ್ನೊಂದು ಮಾತನ್ನೂ ಮರೆಯಬಾರದು. ಆ ಮೀನನ್ನು ಮೊದಲು ಕಂಡವರು ಬಲೆಯೆಳೆಯುವವರು. ಅವರ ಕೈಯಿಂದ ಬಂದುದನ್ನು ಒಬ್ಬಳು ಗಮನವಿಟ್ಟು ನೋಡಿದಳು.

ನಿವೃತ್ತಿಯಾದ ಮೇಲೆ ಒಂದು ದಿನ ಬಸ್ಸು ಹಿಡಿದು ಆ ಊರಿಗೆ ಹೋದೆನು. ಹುಡುಗನು ಈಗ ಐವತ್ತರ ಸಮೀಪದವನು. ಕೆರೆಯ ಮೀನಿನ ಗುತ್ತಿಗೆಯನ್ನು ಹಿಡಿದು ಸಂಸಾರವನ್ನು ಸುಖವಾಗಿ ನಡೆಸುತ್ತಿದ್ದನು. ನನ್ನನ್ನು ಕಂಡೊಡನೆ ಗುರುತಿಸಿ, ಕಾಲುಮುಟ್ಟಿ ನಮಸ್ಕರಿಸಿ, ಜಗಲಿಯ ಮೇಲೆ ಚಾಪೆಯನ್ನು ಹಾಸಿದನು. ಎಳನೀರು ಬಂದಿತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ನಾನು ಒಂದೊಂದಾಗಿ ಹೇಳಿದೆನು: ಚಿತ್ರ, ಅಲೆಯ ಉಂಗುರ, ಆಟದ ದೋಣಿ, ಒಂದು ಮೊಳವೆಂದ ಅವನ ಮಾತು. ಅವನು ಕೈಕಟ್ಟಿಕೊಂಡು ಕೇಳಿದನು. ಕೊನೆಗೆ ಸಂಕೋಚದಿಂದ, “ಯಾವ ಚಿತ್ರಾನೋ ನೆಪ್ಪಿಲ್ಲ ಮೇಷ್ಟ್ರೇ. ಬೆಂಚಿನ ಮೇಲೆ ನಿಂತಿದ್ದು ನೆಪ್ಪೈತೆ. ಎಲ್ರೂ ನಗೋರು” ಎಂದನು. ಸ್ವಲ್ಪ ಹೊತ್ತಿನ ಮೇಲೆ, “ನಾನೇನೋ ತಪ್ಪು ಹೇಳಿರಬೇಕು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ” ಎಂದು ಸೇರಿಸಿದನು.

ತಪ್ಪು ನನ್ನದಪ್ಪಾ ಎಂದು ಹೇಳಿದೆನು. ಅವನು ಬಿಡಿ ಮೇಷ್ಟ್ರೇ ಎಂದು ನಕ್ಕು, ಬಸ್ಸಿನವರೆಗೂ ಬಂದು ಕಳುಹಿಸಿದನು. ಅವನಿಗೆ ನೆನಪಿಲ್ಲದಿದ್ದ ಮಾತನ್ನು ಅವನಿಗೆ ಹಿಂದಿರುಗಿಸಿ ಬಂದೆನೆಂಬ ಸಮಾಧಾನವು ನನಗಿದೆ. ಅಷ್ಟು ವರ್ಷ ಅವನು ಹೊತ್ತಿದ್ದ ಭಾರವನ್ನು ಹಿಂದಿರುಗಿಸಿಕೊಳ್ಳುವ ಬಗೆಯು ಮಾತ್ರ ನನಗೆ ತಿಳಿಯದು.

ನೆರೆಮನೆಯ ಹುಡುಗನು ಹಾವಿನ ಚಿತ್ರವನ್ನು ತಂದ ದಿನ ನಾನು ಅವನನ್ನು ಗದರಿಸಲಿಲ್ಲ. ಹತ್ತಿರ ಕೂರಿಸಿಕೊಂಡು, “ಮಗೂ, ಹಾವನ್ನು ಬಿಡು, ಅದರ ಸುತ್ತ ನೀರು ಹೇಗಿದೆ ನೋಡು” ಎಂದೆನು. ಅವನು ಬಹಳ ಹೊತ್ತು ನೋಡಿದನು.